ಒಂದು ಕಡತ, ಇಬ್ಬರು ಶಾನುಭೋಗರು

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾಯ್ದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಜಲಾಶಯವಾಗಿ ನಿಂತು, ಮುಂದೆ ಜೋಗದಲ್ಲಿ ಧುಮುಕುವುದು. ಮೂರು ತಾಲ್ಲೂಕುಗಳ ಎಲ್ಲೆಗಳನ್ನು ದಾಟುವಾಗ ಆ ನೀರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಇದೇ ಸೀಮೆಯ ಮನೆಗಳಲ್ಲಿರುವ ಗಣಕಯಂತ್ರದೊಳಗೆ ಎಷ್ಟೋ ವೇಳೆ ಒಂದು ಎಲ್ಲೆಯಿರುವುದುಂಟು. ಒಂದು ಪುಟದ ಲೆಕ್ಕವೂ ಅದನ್ನು ಸುಲಭವಾಗಿ ದಾಟಲಾರದು. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇಟ್ಟುಕೊಂಡವರೆಲ್ಲರ ಅನುಭವವಿದು. ಈ ಎಲ್ಲೆ ಏಕೆ ಉಂಟಾಯಿತು, ಅದನ್ನು ಕ್ಷೇಮವಾಗಿ ದಾಟುವ ಬಗೆ ಯಾವುದು, ದಾಟುವಾಗ ಏನೇನು ಕಳೆದುಹೋಗಬಹುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ತೋಟದ ಮನೆಯೊಂದನ್ನು ಊಹಿಸಿಕೊಳ್ಳೋಣ. ತಂದೆಯವರು ಅಡಿಕೆಯ ಲೆಕ್ಕವನ್ನೆಲ್ಲ ವಿಂಡೋಸ್ ಎಂಬ ವ್ಯವಸ್ಥೆಯಲ್ಲಿ ಬರೆದಿಡುವರು. ಕೊನೆ ಕೊಯ್ಲಿನ ಕೂಲಿ, ಸುಲಿತದ ಕೂಲಿ, ಸರಕು, ಬೆಟ್ಟೆ, ರಾಶಿ, ಗೊರಬಲುಗಳ ತೂಕ, ಮಂಡಿಯಿಂದ ಬಂದ ಹಣ, ಇವೆಲ್ಲ ಅದರಲ್ಲಿರುವುವು. ಕಾಲೇಜಿಗೆ ಹೋಗುವ ಮಗಳು ತನ್ನ ಅಭ್ಯಾಸಕ್ಕಾಗಿ ಅದೇ ಯಂತ್ರದಲ್ಲಿ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಅಳವಡಿಸಿರುವಳು. ಇಂಥ ಮನೆಗಳು ಈಚೆಗೆ ಹೆಚ್ಚಲು ಒಂದು ಕಾರಣವೂ ಉಂಟು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ ಹಳೆಯ ಯಂತ್ರಗಳಲ್ಲಿ ಲಿನಕ್ಸನ್ನು ಜೊತೆಗಿರಿಸಿಕೊಳ್ಳುವುದು ಅನೇಕರಿಗೆ ಅನುಕೂಲವೆನಿಸಿದೆ. ಹೀಗೆ ಒಂದು ಯಂತ್ರಕ್ಕೆ ಇಬ್ಬರು ಒಡೆಯರಾದರು. ಒಂದು ಸಂಜೆ ಮಗಳು, “ಅಪ್ಪಯ್ಯ, ನಿಮ್ಮ ಲೆಕ್ಕ ತೆರೆಯುತ್ತದೆ, ಆದರೆ ತಿದ್ದಲು ಬಿಡುವುದಿಲ್ಲ” ಎನ್ನುವಳು. ತಂದೆಯವರು ತಮ್ಮ ಸರದಿಯಲ್ಲಿ ಮಗಳ ಟಿಪ್ಪಣಿಗಳನ್ನು ಹುಡುಕಿದರೆ ಅವು ಇದ್ದ ಸುಳಿವೇ ಸಿಕ್ಕದು. ಯಂತ್ರ ಕೆಟ್ಟಿಲ್ಲ, ಕಡತಗಳೂ ಅಳಿದಿಲ್ಲ. ಹಾಗಾದರೆ ಆದದ್ದೇನು?

ಕಡತವೆಂದರೇನು?

‘ಕಡತ’ ಎಂಬ ಮಾತು ನಮಗೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಹಿಂದೆ ಕಡತವೆಂದು ಹೆಸರಿತ್ತು. ಮಲೆನಾಡಿನ ಮಠಗಳ ಹಾಗೂ ಮನೆತನಗಳ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿದ್ದವು. ಗಣಕಯಂತ್ರದಲ್ಲಿ ಒಂದು ಹೆಸರಿನಡಿ ಕೂಡಿಸಿಟ್ಟ ಮಾಹಿತಿಗೆ ಇಂದು ಅದೇ ಮಾತು ಸಲ್ಲುತ್ತಿದೆ. ಅದು ಪತ್ರವಿರಬಹುದು, ಚಿತ್ರವಿರಬಹುದು, ಹಾಡಿರಬಹುದು.

ಆದರೆ ಡಿಸ್ಕಿನ ಮೇಲೆ ಪತ್ರವೆಂಬುದಾಗಲಿ ಹಾಡೆಂಬುದಾಗಲಿ ಇಲ್ಲ. ಅಲ್ಲಿರುವುದು ಚೌಕಾಬಾರದ ಮನೆಗಳಂತೆ ಸಾಲಾಗಿ ಸಂಖ್ಯೆ ಹಾಕಿದ ಮನೆಗಳು ಮಾತ್ರ. ಒಂದೊಂದು ಮನೆಯಲ್ಲಿ ಸಾಧಾರಣವಾಗಿ ೪೦೯೬ ಬೈಟುಗಳು ಹಿಡಿಯುವುವು. ಒಂದು ಟೆರಾಬೈಟು, ಎಂದರೆ ಒಂದು ಲಕ್ಷ ಕೋಟಿ ಬೈಟುಗಳ ಡಿಸ್ಕಿನಲ್ಲಿ ಇಂಥ ಮನೆಗಳು ಸುಮಾರು ೨೪ ಕೋಟಿ ೪೧ ಲಕ್ಷ. ನಲವತ್ತು ಲಕ್ಷ ಬೈಟುಗಳ ಒಂದು ಛಾಯಾಚಿತ್ರಕ್ಕೆ ೯೭೭ ಮನೆಗಳು ಬೇಕು. ಅವು ಒಂದರ ಪಕ್ಕದಲ್ಲೊಂದು ಇರಬೇಕೆಂಬ ನಿಯಮವೂ ಇಲ್ಲ. ಖಾಲಿಯಿದ್ದಲ್ಲಿ ತುಂಬುತ್ತ ಹೋದುದರಿಂದ ಅವು ಚದರಿ ಹೋಗಿರಬಹುದು. ಯಾವ ಕಡತಕ್ಕೆ ಯಾವ ಯಾವ ಮನೆಗಳು ಸೇರಿವೆ, ಯಾವ ಕ್ರಮದಲ್ಲಿ ಸೇರಿವೆ ಎಂಬುದನ್ನು ಬರೆದಿಡುವ ಒಂದು ಖಾತೆ ಇರಲೇಬೇಕು. ಹಳ್ಳಿಯ ಜಮೀನುಗಳ ಸರ್ವೆ ನಂಬರು, ವಿಸ್ತೀರ್ಣ, ಹಿಡುವಳಿದಾರರ ಹೆಸರು ಇವನ್ನೆಲ್ಲ ಹಿಂದೆ ಶಾನುಭೋಗರು ತಮ್ಮ ಪುಸ್ತಕದಲ್ಲಿ ಇಟ್ಟಿರುತ್ತಿದ್ದರಲ್ಲವೆ? ಗಣಕಯಂತ್ರದಲ್ಲಿ ಆ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಯು ಮಾಡುವುದು. ಆ ಖಾತೆಯನ್ನು ಬರೆಯುವ ಕ್ರಮಕ್ಕೆ ಫೈಲ್ ಸಿಸ್ಟಂ ಎಂದು ಹೆಸರು. ಕಾರ್ಯಾಚರಣ ವ್ಯವಸ್ಥೆಯೊಡನೆ ಗೊಂದಲವಾಗದಂತೆ ನಾವು ಅದನ್ನು ‘ಕಡತಪದ್ಧತಿ’ ಎಂದು ಕರೆಯೋಣ.

ಈಗ ನಮ್ಮ ಮನೆಯ ಯಂತ್ರದಲ್ಲಿ ಇಬ್ಬರು ಶಾನುಭೋಗರಿರುವರು. ಇಬ್ಬರೂ ಒಮ್ಮೆಗೇ ಕೆಲಸಕ್ಕೆ ಬರುವುದಿಲ್ಲ. ಯಂತ್ರವನ್ನು ಚಾಲೂ ಮಾಡಿದಾಗ ಒಬ್ಬರನ್ನು ಮಾತ್ರ ಆರಿಸಿಕೊಳ್ಳುತ್ತೇವೆ. ಇದು ಬಹು ಮುಖ್ಯವಾದ ಸಂಗತಿ. ಇವರಿಬ್ಬರೂ ಎಂದೂ ಮುಖಾಮುಖಿಯಾಗರು. ಒಬ್ಬನಿಗೆ ಸಂಶಯ ಬಂದರೆ ಇನ್ನೊಬ್ಬನನ್ನು ಕೇಳುವಂತಿಲ್ಲ. ಒಬ್ಬನು ಬಿಟ್ಟುಹೋದ ಬರವಣಿಗೆಯೇ ಇನ್ನೊಬ್ಬನಿಗೆ ದೊರೆಯುವ ಏಕೈಕ ಮಾತು. ಆದುದರಿಂದ ಖಾತೆಯ ಕ್ರಮ, ಪುಸ್ತಕವನ್ನು ಮುಚ್ಚುವ ರೀತಿ, ವೇಳೆಯ ಎಣಿಕೆ, ಹೆಸರಿಡುವ ನಿಯಮ, ಅಕ್ಷರಗಳ ಸಂಕೇತ ಎಂಬ ಐದರಲ್ಲಿಯೂ ಇಬ್ಬರಿಗೂ ಮೊದಲೇ ಒಪ್ಪಂದವಾಗಿರಬೇಕು. ಎಲ್ಲಿ ಒಪ್ಪಂದ ತಪ್ಪಿತೋ ಅಲ್ಲಿ ಕಡತ ತಡೆದು ನಿಲ್ಲುವುದು. ಕೆಲವೊಮ್ಮೆ ಕೆಟ್ಟೂ ಹೋಗುವುದು.

ಖಾತೆಯ ಮೂರು ಕ್ರಮಗಳು

ಇಂದು ಬಳಕೆಯಲ್ಲಿರುವ ಕಡತಪದ್ಧತಿಗಳಲ್ಲಿ ಬಹು ಹಳೆಯದೊಂದು ‘ಫ್ಯಾಟ್’. ಇದರ ಮೊದಲ ರೂಪ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ೧೯೭೭ರಲ್ಲಿ ಹುಟ್ಟಿತು. ಇದರ ಕ್ರಮ ಬಹು ಸರಳ. ಕಡತವು ೧೨ನೆಯ ಮನೆಯಿಂದ ಮೊದಲಾಗುವುದೆಂದು ಹೆಸರಿನ ಪಕ್ಕದಲ್ಲಿ ಬರೆದಿರುವುದು. ಪಟ್ಟಿಯಲ್ಲಿ ೧೨ರ ಎದುರಿಗೆ ೧೩ ಎಂದೂ, ೧೩ರ ಎದುರಿಗೆ ೪೦ ಎಂದೂ, ೪೦ರ ಎದುರಿಗೆ ‘ಮುಗಿಯಿತು’ ಎಂದೂ ಇರುವುದು. ಸರಪಳಿಯ ಕೊಂಡಿಗಳನ್ನು ಹಿಡಿದು ನಡೆದರೆ ಕಡತವೆಲ್ಲ ಕೈಗೆ ಬರುವುದು. ಈ ಸರಳತೆಯಿಂದಾಗಿ ವಿಂಡೋಸ್, ಲಿನಕ್ಸ್, ಕ್ಯಾಮರಾ, ಟೆಲಿವಿಷನ್ ಎಲ್ಲಕ್ಕೂ ಇದನ್ನು ಓದಲು ಬರುವುದು.

ಆದರೆ ಸರಳತೆಗೆ ಬೆಲೆಯುಂಟು. ೧೯೯೬ರಲ್ಲಿ ಬಂದ ‘ಫ್ಯಾಟ್ ೩೨’ ಎಂಬ ರೂಪದಲ್ಲಿ ಕಡತದ ಗಾತ್ರವನ್ನು ಬರೆಯಲು ೩೨ ದ್ವಿಮಾನ ಅಂಕಿಗಳಷ್ಟೇ ಜಾಗವಿದೆ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ೪೨೯ ಕೋಟಿ ೪೯ ಲಕ್ಷ ೬೭ ಸಾವಿರದ ೨೯೫. ಅದಕ್ಕಿಂತ ಒಂದು ಬೈಟು ಹೆಚ್ಚಿದ್ದರೂ ಆ ಕಡತಕ್ಕೆ ಅಲ್ಲಿ ಸ್ಥಳವಿಲ್ಲ. ಯಕ್ಷಗಾನದ ಆಟವೊಂದನ್ನು ಸೆಕೆಂಡಿಗೆ ಹತ್ತು ಲಕ್ಷ ಬೈಟುಗಳಂತೆ ಚಿತ್ರಿಸಿಕೊಂಡೆವೆನ್ನೋಣ. ಒಂದು ಗಂಟೆ ಹನ್ನೊಂದೂವರೆ ನಿಮಿಷ ಕಳೆಯುವಷ್ಟರಲ್ಲಿ ಮಿತಿ ಮುಟ್ಟುವುದು. ಇಡೀ ರಾತ್ರಿಯ ಪ್ರಸಂಗವು ಒಂದೇ ಕಡತವಾಗಿ ಫ್ಯಾಟ್ ೩೨ರಲ್ಲಿ ಕೂರಲಾರದು. ಈ ಮಿತಿಯನ್ನು ಮೀರಲು ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೬ರಲ್ಲಿ ‘ಎಕ್ಸ್‌ಫ್ಯಾಟ್’ ಎಂಬ ರೂಪವನ್ನು ಹೊರತಂದಿತು. ಅದರ ವಿವರಗಳನ್ನು ೨೦೧೯ರಲ್ಲಿ ಬಹಿರಂಗಪಡಿಸಿದ ಮೇಲೆ ಲಿನಕ್ಸ್ ಕೂಡ ಅದನ್ನು ತನ್ನ ತಿರುಳಿನಲ್ಲಿಯೇ ಸೇರಿಸಿಕೊಂಡಿತು.

ಎರಡನೆಯದು ‘ಎನ್‌ಟಿಎಫ್‌ಎಸ್’. ಇದು ೧೯೯೩ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದಿತು. ಇದರಲ್ಲಿ ಒಂದು ಮಹಾಪಟ್ಟಿಯಿದ್ದು, ಪ್ರತಿಯೊಂದು ಕಡತಕ್ಕೂ ಅದರಲ್ಲಿ ಒಂದು ದಾಖಲೆ ಇರುವುದು. ಹೆಸರು, ಗಾತ್ರ, ವೇಳೆ, ಯಾರು ಓದಬಹುದು, ಯಾರು ತಿದ್ದಬಹುದು, ಕಡತವು ಯಾವ ಮನೆಗಳಲ್ಲಿದೆ ಎಂಬ ವಿವರಗಳೆಲ್ಲ ಅಲ್ಲಿ ದೊರೆಯುವುವು.

ಮೂರನೆಯದು ೨೦೦೮ರಲ್ಲಿ ಸಿದ್ಧವಾದ ‘ಎಕ್ಸ್ಟ್ ೪’. ಲಿನಕ್ಸ್ ಸಾಮಾನ್ಯವಾಗಿ ಬಳಸುವುದು ಇದನ್ನೇ. ಇಲ್ಲಿ ಹೆಸರು ಒಂದು ಕಡೆ, ವಿವರ ಇನ್ನೊಂದು ಕಡೆ. ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಮಾತ್ರ ಇದ್ದು, ಆ ಸಂಖ್ಯೆಯ ದಾಖಲೆಯಲ್ಲಿ ಒಡೆತನ, ಅನುಮತಿ, ವೇಳೆ, ಮನೆಗಳ ವಿವರ ಇರುವುವು. ಹೀಗಾಗಿ ಒಂದೇ ಕಡತಕ್ಕೆ ಎರಡು ಹೆಸರುಗಳಿರುವುದೂ ಸಾಧ್ಯ.

ಈ ಇಬ್ಬರು ಶಾನುಭೋಗರ ತಿಳಿವಳಿಕೆ ಸಮಾನವಾಗಿಲ್ಲ. ಲಿನಕ್ಸ್ ಎನ್‌ಟಿಎಫ್‌ಎಸ್ ಪದ್ಧತಿಯನ್ನು ಕಲಿತುಕೊಂಡಿದೆ. ೨೦೦೭ರಲ್ಲಿ ಸ್ಥಿರರೂಪ ಪಡೆದ ಒಂದು ಸ್ವತಂತ್ರ ತಂತ್ರಾಂಶದ ಮೂಲಕ ಮೊದಲು, ೨೦೨೧ರಿಂದ ತನ್ನ ತಿರುಳಿನಲ್ಲಿಯೇ ಇರುವ ಇನ್ನೊಂದರ ಮೂಲಕ ಆಮೇಲೆ, ಅದು ಆ ಖಾತೆಯನ್ನು ಓದಿ ಬರೆಯಬಲ್ಲುದು. ವಿಂಡೋಸ್ ಮಾತ್ರ ಎಕ್ಸ್ಟ್ ೪ ಪದ್ಧತಿಯನ್ನು ತಾನಾಗಿ ಕಲಿಯಲಿಲ್ಲ. ತಂದೆಯವರಿಗೆ ಮಗಳ ಟಿಪ್ಪಣಿಗಳು ಕಾಣದಿದ್ದುದು ಇದರಿಂದಲೇ.

ಇಲ್ಲೊಂದು ಅಪಾಯವೂ ಅಡಗಿದೆ. ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಯೋಲೆಯ ಗ್ರಂಥಗಳಿವೆ. ಅವುಗಳಲ್ಲಿ ಕೆಲವು ತಿಗಳಾರಿ ಲಿಪಿಯವು. ಕನ್ನಡವನ್ನಷ್ಟೇ ಬಲ್ಲವನು ಆ ಓಲೆಯನ್ನು ಹಿಡಿದರೆ ಓದಲಾರನು. ಆದರೆ ಓದಲಾಗದ ಮಾತ್ರಕ್ಕೆ ಅದು ಬರಿಯ ಓಲೆಯೆಂದು ಅವನು ಹೇಳುವುದಿಲ್ಲ. ಗಣಕಯಂತ್ರಕ್ಕೆ ಈ ವಿವೇಕ ಕಡಮೆ. ತನಗೆ ಗುರುತಿಲ್ಲದ ಪದ್ಧತಿಯ ಭಾಗವನ್ನು ಕಂಡಾಗ ವಿಂಡೋಸ್ ಕೆಲವೊಮ್ಮೆ, ‘ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂದು ಸೂಚಿಸುವುದು. ಫಾರ್ಮ್ಯಾಟ್ ಎಂದರೆ ಇದ್ದ ಖಾತೆಯನ್ನು ಅಳಿಸಿ ಹೊಸ ಖಾತೆಯನ್ನು ತೆರೆಯುವುದು. ಅರಿಯದೆ ಒಪ್ಪಿಗೆಯನ್ನು ಒತ್ತಿದವರು ಮೂರು ವರ್ಷದ ಟಿಪ್ಪಣಿಗಳನ್ನು ಮೂರು ಕ್ಷಣದಲ್ಲಿ ಕಳೆದುಕೊಳ್ಳುವರು. ‘ನನಗೆ ಓದಲು ಬಾರದು’ ಎಂಬುದಕ್ಕೂ ‘ಇಲ್ಲಿ ಏನೂ ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ವಾಚಕರು ಸದಾ ನೆನಪಿನಲ್ಲಿಡಬೇಕು.

ಹೀಗಿರಲು ಮಾಡಬೇಕಾದದ್ದೇನು? ಊರಿಗೊಂದು ಗೋಮಾಳವಿದ್ದಂತೆ ಡಿಸ್ಕಿನಲ್ಲಿ ಮೂರನೆಯ ಭಾಗವೊಂದನ್ನು ಬಿಡಬೇಕು. ಅದರ ಖಾತೆ ಇಬ್ಬರೂ ಬಲ್ಲ ಪದ್ಧತಿಯಲ್ಲಿರಬೇಕು. ಮನೆಯ ಯಂತ್ರದ ಒಳಗಣ ಡಿಸ್ಕಿಗೆ ಎನ್‌ಟಿಎಫ್‌ಎಸ್ ಮೇಲು. ಅಲ್ಲಿಂದಿಲ್ಲಿಗೆ ಒಯ್ಯುವ ಪೆನ್‌ಡ್ರೈವಿಗೆ ಎಕ್ಸ್‌ಫ್ಯಾಟ್ ಸಾಕು. ಈ ಭೇದಕ್ಕೆ ಕಾರಣವನ್ನು ಮುಂದೆ ನೋಡುವೆವು.

ಮುಚ್ಚದೆ ಬಿಟ್ಟ ಪುಸ್ತಕ

ಗೋಮಾಳವನ್ನು ಬಿಟ್ಟದ್ದಾಯಿತು. ಆದರೂ ಮಗಳಿಗೆ ತಂದೆಯವರ ಲೆಕ್ಕವನ್ನು ತಿದ್ದಲಾಗಲಿಲ್ಲ. ಓದಲು ಅಡ್ಡಿಯಿಲ್ಲ, ಬರೆಯಲು ಮಾತ್ರ ಅಪ್ಪಣೆಯಿಲ್ಲ. ಇದೇಕೆ?

೨೦೧೨ರಲ್ಲಿ ವಿಂಡೋಸ್ ೮ರೊಡನೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಂದಿತು. ಯಂತ್ರವನ್ನು ನಿಲ್ಲಿಸಿದಾಗ ವಿಂಡೋಸ್ ಪೂರ್ಣವಾಗಿ ನಿಲ್ಲುವುದಿಲ್ಲ. ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ನಿದ್ರೆಹೋಗುವುದು. ಮರುದಿನ ಎದ್ದಾಗ ಎಲ್ಲವನ್ನೂ ಮೊದಲಿಂದ ಕೂಡಿಸಿಕೊಳ್ಳುವ ಶ್ರಮವಿಲ್ಲದೆ ನಿನ್ನೆಯ ನೆನಪಿನಿಂದಲೇ ಕೆಲಸಕ್ಕೆ ತೊಡಗುವುದು. ಇದರಿಂದ ಯಂತ್ರ ಬೇಗ ಏಳುವುದು ನಿಜ. ಆದರೆ ಆ ನೆನಪಿನಲ್ಲಿ ಖಾತೆಪುಸ್ತಕದ ಒಂದಂಶವೂ ಸೇರಿರುವುದು. ಎಂದರೆ ವಿಂಡೋಸ್ ಎಂಬ ಶಾನುಭೋಗನು ಪುಸ್ತಕವನ್ನು ಮುಚ್ಚದೆ, ಲೇಖನಿಯನ್ನು ಹಾಳೆಯ ಮೇಲೆಯೇ ಇಟ್ಟು ಮಲಗಿರುವನು.

ಈ ಸಮಯದಲ್ಲಿ ಲಿನಕ್ಸ್ ಎದ್ದು ೫೦೦ನೆಯ ಮನೆಯಲ್ಲಿ ಹೊಸ ಕಡತವೊಂದನ್ನು ಬರೆಯಿತೆನ್ನೋಣ. ಮರುದಿನ ವಿಂಡೋಸ್ ಏಳುವುದು. ಅದರ ನೆನಪಿನಲ್ಲಿ ೫೦೦ನೆಯ ಮನೆ ಇನ್ನೂ ಖಾಲಿ. ಅದು ತನ್ನ ಬೇರೆ ಕಡತವನ್ನು ಅಲ್ಲಿಯೇ ಬರೆದುಬಿಡುವುದು. ಒಂದೇ ಗದ್ದೆಯನ್ನು ಇಬ್ಬರಿಗೆ ಖಾತೆಮಾಡಿಕೊಟ್ಟಂತಾಯಿತು. ಎರಡು ಕಡತಗಳಲ್ಲಿ ಒಂದು ಕೆಡುವುದು ಖಂಡಿತ. ಖಾತೆಯೇ ಕೆಟ್ಟರೆ ನೂರಾರು ಕಡತಗಳು ಕೈಬಿಡಬಹುದು. ಲಿನಕ್ಸಿಗೆ ಈ ಅಪಾಯ ಗೊತ್ತು. ಡಿಸ್ಕಿನಲ್ಲಿ ನಿದ್ರೆಯ ಗುರುತನ್ನು ಕಂಡೊಡನೆ ಅದು ಬರೆಯಲು ಒಪ್ಪದೆ ಓದಲು ಮಾತ್ರ ತೆರೆಯುವುದು. ಮಗಳಿಗೆ ಅಡ್ಡಿಯೆಂದು ತೋರಿದ್ದು ನಿಜವಾಗಿ ಕಾವಲು. ಬಲವಂತದಿಂದ ಬರೆಯಿಸುವ ಉಪಾಯಗಳನ್ನು ಕೆಲವರು ಹೇಳಿಕೊಡುವುದುಂಟು, ಅವುಗಳಿಗೆ ಕೈಹಾಕಬಾರದು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪನ್ನು ನಿಲ್ಲಿಸಿಬಿಡುವುದೇ ಸರಿಯಾದ ಪರಿಹಾರ. ವಿಚಿತ್ರವೆಂದರೆ, ‘ಷಟ್ ಡೌನ್’ ಒತ್ತಿದಾಗ ಅರೆನಿದ್ರೆಗೆ ಹೋಗುವ ವಿಂಡೋಸ್ ‘ರೀಸ್ಟಾರ್ಟ್’ ಒತ್ತಿದಾಗ ಪೂರ್ಣವಾಗಿ ಮುಚ್ಚಿಕೊಳ್ಳುವುದು. ಆದುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ರೀಸ್ಟಾರ್ಟ್ ಒತ್ತುವ ಅಭ್ಯಾಸ ಒಳ್ಳೆಯದು. ಲಿನಕ್ಸನ್ನೂ ನಿದ್ರೆಗೆ ಕಳುಹಿಸಿ ವಿಂಡೋಸನ್ನು ಎಬ್ಬಿಸಬಾರದು. ನ್ಯಾಯ ಇಬ್ಬರಿಗೂ ಒಂದೇ.

ವಿದ್ಯುತ್ತು ಹೋದಾಗ

ಪುಸ್ತಕವು ಮುಚ್ಚದೆ ಉಳಿಯಲು ಇನ್ನೊಂದು ಕಾರಣವುಂಟು. ಶರಾವತಿಯ ನೀರು ನಾಡಿಗೆಲ್ಲ ಬೆಳಕು ಕೊಡುವುದಾದರೂ, ಆಷಾಢದ ಗಾಳಿಮಳೆಯಲ್ಲಿ ಮರಬಿದ್ದು ತಂತಿ ಹರಿದರೆ ಆ ನದಿಯ ದಡದ ಮನೆಯೇ ಕತ್ತಲಾಗುವುದು. ಮೇಜಿನ ಮೇಲಿನ ಯಂತ್ರವು ಬರೆಯುತ್ತಿದ್ದ ಸಾಲಿನ ನಡುವೆಯೇ ನಿಂತುಬಿಡುವುದು. ಕಡತದ ಹೆಸರು ಬರೆದಾಗಿತ್ತು, ಮನೆಗಳ ಸಂಖ್ಯೆ ಬರೆದಿರಲಿಲ್ಲ ಎಂಬಂಥ ಸ್ಥಿತಿ ಉಂಟಾಗುವುದು.

ಇದಕ್ಕಾಗಿಯೇ ಎನ್‌ಟಿಎಫ್‌ಎಸ್ ಮತ್ತು ಎಕ್ಸ್ಟ್ ೪ ಪದ್ಧತಿಗಳಲ್ಲಿ ಒಂದು ದಿನಚರಿಯಿರುವುದು. ಖಾತೆಯಲ್ಲಿ ಯಾವ ಬದಲಾವಣೆಯನ್ನು ಮಾಡುವ ಮುನ್ನವೂ ‘ಇಂಥದನ್ನು ಮಾಡುತ್ತಿದ್ದೇನೆ’ ಎಂದು ದಿನಚರಿಯಲ್ಲಿ ಮೊದಲು ಬರೆದುಕೊಳ್ಳುವುವು. ನಡುವೆ ವಿದ್ಯುತ್ತು ಹೋದರೆ, ಮತ್ತೆ ಎದ್ದಾಗ ದಿನಚರಿಯನ್ನು ನೋಡಿ ಅರ್ಧವಾದ ಕೆಲಸವನ್ನು ಪೂರ್ಣಗೊಳಿಸುವುವು, ಇಲ್ಲವೆ ರದ್ದುಮಾಡುವುವು. ಫ್ಯಾಟ್ ೩೨ ಹಾಗೂ ಎಕ್ಸ್‌ಫ್ಯಾಟ್‌ಗಳಲ್ಲಿ ಈ ದಿನಚರಿಯಿಲ್ಲ. ಮನೆಯೊಳಗಣ ಸಾಮಾನ್ಯ ಭಾಗಕ್ಕೆ ಎನ್‌ಟಿಎಫ್‌ಎಸ್ ಲೇಸೆಂದು ನಾವು ಹೇಳಿದುದು ಇದಕ್ಕಾಗಿ.

ದಿನಚರಿಯು ಕಾಪಾಡುವುದು ಮುಖ್ಯವಾಗಿ ಖಾತೆಯನ್ನು, ನಾವು ಬರೆಯುತ್ತಿದ್ದ ಪತ್ರದ ಕೊನೆಯ ಪುಟವನ್ನಲ್ಲ. ಇದನ್ನೂ ತಿಳಿದಿರಬೇಕು. ಎನ್‌ಟಿಎಫ್‌ಎಸ್ ಖಾತೆಯು ಹೆಚ್ಚಾಗಿ ಕೆಟ್ಟಾಗ ಅದನ್ನು ಪೂರ್ಣವಾಗಿ ತಪಾಸಣೆ ಮಾಡಿ ಸರಿಪಡಿಸಲು ವಿಂಡೋಸಿನ ಸ್ವಂತ ಉಪಕರಣವನ್ನೇ ನಂಬಬೇಕು. ಬೇರೆಯವರ ಭಾಷೆಯನ್ನು ಕಲಿತವನು ಮಾತನಾಡಬಲ್ಲನು; ಹರಿದ ಗ್ರಂಥವನ್ನು ಜೋಡಿಸಲು ಆ ಭಾಷೆಯಲ್ಲೇ ಬೆಳೆದವನು ಬೇಕಾಗುವನು.

ಐದೂವರೆ ಗಂಟೆಯ ತಪ್ಪು

ಯಂತ್ರದೊಳಗೆ ಒಂದು ಸಣ್ಣ ಗಡಿಯಾರವಿದೆ. ಯಂತ್ರ ನಿಂತಿದ್ದರೂ ಗುಂಡಿಯಂಥ ಒಂದು ಬ್ಯಾಟರಿಯ ಬಲದಿಂದ ಅದು ನಡೆಯುತ್ತಿರುವುದು. ಈ ಗಡಿಯಾರ ತೋರುವುದು ಊರಿನ ವೇಳೆಯೆಂದು ವಿಂಡೋಸ್ ಭಾವಿಸುವುದು. ಲಿನಕ್ಸ್ ಸಾಮಾನ್ಯವಾಗಿ ಅದನ್ನು ಜಾಗತಿಕ ವೇಳೆಯೆಂದು ಭಾವಿಸಿ, ಅದಕ್ಕೆ ಭಾರತದ ಐದೂವರೆ ಗಂಟೆಯನ್ನು ಕೂಡಿಸಿ ತೋರಿಸುವುದು. ಬೆಳಗ್ಗೆ ೯ ಗಂಟೆಗೆ ಲಿನಕ್ಸನ್ನು ತೆರೆದರೆ ಮಧ್ಯಾಹ್ನ ಎರಡೂವರೆಯೆಂದು ಕಾಣುವುದು. ಅಂತರಜಾಲದ ಸಂಪರ್ಕ ದೊರೆತೊಡನೆ ಲಿನಕ್ಸ್ ತನ್ನ ತಪ್ಪನ್ನು ತಿದ್ದಿಕೊಂಡು ಗಡಿಯಾರಕ್ಕೆ ಜಾಗತಿಕ ವೇಳೆಯನ್ನು ತುಂಬಬಹುದು. ಆಗ ವಿಂಡೋಸ್ ಐದೂವರೆ ಗಂಟೆ ಹಿಂದೆ ಬೀಳುವುದು.

ಇದು ಕೇವಲ ವಿನೋದವಲ್ಲ. ಪ್ರತಿ ಕಡತದ ಮೇಲೂ ಅದನ್ನು ತಿದ್ದಿದ ವೇಳೆಯ ಮುದ್ರೆ ಇರುವುದಷ್ಟೆ. ಮಗಳು ಲೆಕ್ಕದ ಒಂದು ಪ್ರತಿಯನ್ನು ಸಂಪರ್ಕವಿಲ್ಲದ ಬೆಳಗ್ಗೆ ೯ಕ್ಕೆ ಲಿನಕ್ಸಿನಲ್ಲಿ ತಿದ್ದಿದಳು. ಅದರ ಮೇಲೆ ಎರಡೂವರೆಯ ಮುದ್ರೆ ಬಿದ್ದಿತು. ತಂದೆಯವರು ತಮ್ಮ ಪ್ರತಿಯನ್ನು ವಿಂಡೋಸಿನಲ್ಲಿ ೧೨ ಗಂಟೆಗೆ ತಿದ್ದಿದರು. ಸಂಜೆ ಎರಡನ್ನೂ ಹೊಂದಿಸುವ ತಂತ್ರಾಂಶವು ಮುದ್ರೆಗಳನ್ನು ಹೋಲಿಸಿ, ಎರಡೂವರೆಯದೇ ಹೊಸದೆಂದು ಬಗೆದು, ತಂದೆಯವರ ನಡುಹಗಲಿನ ಕೆಲಸವನ್ನೆಲ್ಲ ಅಳಿಸಿಹಾಕುವುದು. ಎರಡರಲ್ಲಿ ಒಂದು ವ್ಯವಸ್ಥೆಗೆ ‘ಇನ್ನೊಬ್ಬರಂತೆ ಎಣಿಸು’ ಎಂದು ಒಮ್ಮೆ ಗೊತ್ತುಮಾಡಿಕೊಟ್ಟರೆ ಈ ತೊಡಕು ತೀರುವುದು. ಆದರೆ ಎರಡಕ್ಕೂ ಹೇಳಿದರೆ ಮತ್ತೆ ಮೊದಲಿನ ಗೋಳೇ!

ಹೆಸರಿನ ತೊಡಕು

ಇಂಗ್ಲಿಷಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವುಂಟು. ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದರೆ ಲಿನಕ್ಸ್ ಅವನ್ನು ಎರಡು ಕಡತಗಳೆಂದು ಎಣಿಸುವುದು. ವಿಂಡೋಸ್ ಒಂದೇ ಎಂದು ಎಣಿಸುವುದು. ಪ್ರಶ್ನಾರ್ಥಕ ಚಿಹ್ನೆಯನ್ನಾಗಲಿ, ವೇಳೆಯನ್ನು ಬರೆಯುವಾಗ ನಡುವೆ ಹಾಕುವ ಎರಡು ಚುಕ್ಕೆಗಳನ್ನಾಗಲಿ ಹೆಸರಿನಲ್ಲಿ ಸೇರಿಸಲು ಲಿನಕ್ಸ್ ಬಿಡುವುದು, ವಿಂಡೋಸ್ ಬಿಡದು.

ಕನ್ನಡದಲ್ಲಿ ದೊಡ್ಡಕ್ಷರಗಳಿಲ್ಲವಾದುದರಿಂದ ಕನ್ನಡದ ಹೆಸರುಗಳಿಗೆ ಮೊದಲನೆಯ ತೊಡಕಿಲ್ಲ. ಬೇರೆ ಎರಡಿವೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಸಂಕೇತದಲ್ಲಿ, ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ‘ಸಾಗರ’ ಎಂಬುದರಲ್ಲಿ ಸಕಾರ, ಆಕಾರದ ಚಿಹ್ನೆ, ಗಕಾರ, ರಕಾರ ಎಂದು ನಾಲ್ಕು ಸಂಕೇತಗಳು. ಲಿನಕ್ಸಿನಲ್ಲಿ ರೂಢಿಯಲ್ಲಿರುವ ಬರವಣಿಗೆಯಲ್ಲಿ ಒಂದು ಕನ್ನಡ ಸಂಕೇತಕ್ಕೆ ೩ ಬೈಟು. ಆದುದರಿಂದ ‘ಸಾಗರ’ಕ್ಕೆ ೧೨ ಬೈಟು, ‘ತೀರ್ಥಹಳ್ಳಿ’ಯ ಹತ್ತು ಸಂಕೇತಗಳಿಗೆ ೩೦ ಬೈಟು. ಎಕ್ಸ್ಟ್ ೪ರಲ್ಲಿ ಹೆಸರಿನ ಉದ್ದ ೨೫೫ ಬೈಟು ಮೀರಬಾರದು. ಎಂದರೆ ಕನ್ನಡದ ೮೫ ಸಂಕೇತಗಳಿಗೆ ಅದು ತುಂಬುವುದು. ಎನ್‌ಟಿಎಫ್‌ಎಸ್‌ನಲ್ಲಾದರೋ ಬೈಟುಗಳ ಎಣಿಕೆಯಿಲ್ಲದೆ ೨೫೫ ಕನ್ನಡ ಸಂಕೇತಗಳು ಹಿಡಿಯುವುವು. ವಿಂಡೋಸಿನಲ್ಲಿ ಸುಖವಾಗಿದ್ದ ಉದ್ದನೆಯ ಕನ್ನಡ ಹೆಸರಿನ ಕಡತವು ಲಿನಕ್ಸಿನ ಭಾಗಕ್ಕೆ ನಕಲಾಗದೆ ನಿಲ್ಲುವುದಕ್ಕೆ ಕಾರಣವಿದು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ‘ಹೊಸನಗರ’ದ ಮೊದಲ ಅಕ್ಷರದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡಿಸ್ಕಿನ ಮೇಲೆ ಒಂದಕ್ಕೆ ೧೮ ಬೈಟು, ಇನ್ನೊಂದಕ್ಕೆ ೨೧. ‘ತೀರ್ಥಹಳ್ಳಿ’ಯ ದೀರ್ಘವೂ ಹೀಗೆಯೇ ಒಡೆಯುವುದು. ಮೂರು ಊರುಗಳಲ್ಲಿ ‘ಸಾಗರ’ವೊಂದೇ ಈ ತೊಡಕಿಲ್ಲದ ಹೆಸರು! ನಮ್ಮ ಕೀಲಿಮಣೆಗಳು ಸಾಧಾರಣವಾಗಿ ಮೊದಲ ರೂಪವನ್ನೇ ಕೊಡುವುವು. ಮ್ಯಾಕ್ ಗಣಕಗಳಲ್ಲಿ ೧೯೯೮ರಿಂದ ಬಳಕೆಗೆ ಬಂದ ಕಡತಪದ್ಧತಿಯು ಹೆಸರನ್ನು ಒಡೆದು ಎರಡನೆಯ ರೂಪದಲ್ಲಿಯೇ ಇಡುತ್ತಿತ್ತು. ಅಂಥ ಡಿಸ್ಕಿನಿಂದ ನಕಲುಮಾಡಿಕೊಂಡವರಿಗೆ ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕದಲ್ಲಿ ಕಂಡರೆ ಬೆರಗಾಗಬೇಕಿಲ್ಲ.

ಒಳಗಣ ಅಕ್ಷರಗಳು

ಖಾತೆ ಸರಿಯಾಯಿತು, ಹೆಸರೂ ಸರಿಯಾಯಿತು, ಕಡತ ತೆರೆಯಿತು. ಆದರೂ ಪರದೆಯ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಬಹುದು. ಹಳೆಯ ಸಂಘಗಳ ನಡಾವಳಿ, ಮದುವೆಯ ಕರೆಯೋಲೆ, ಹವ್ಯಾಸಿ ಲೇಖಕರ ಹಸ್ತಪ್ರತಿ ಇವುಗಳಲ್ಲಿ ಇದು ಸಾಮಾನ್ಯ.

ಯೂನಿಕೋಡ್ ಮನೆಮನೆಯ ಯಂತ್ರಗಳಿಗೆ ತಲಪುವ ಮುನ್ನ ಕನ್ನಡದ ತಂತ್ರಾಂಶಗಳು ಒಂದು ಜಾಣ್ಮೆಯನ್ನು ಹೂಡಿದ್ದವು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಎರವಲು ಪಡೆದು, ಆ ಸಂಖ್ಯೆ ಬಂದಾಗ ಕನ್ನಡದ ತುಣುಕು ಚಿತ್ರ ಮೂಡುವಂತೆ ಅಚ್ಚಿನ ಮೊಳೆಗಳನ್ನು, ಎಂದರೆ ಫಾಂಟುಗಳನ್ನು ರಚಿಸಿದ್ದವು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಹಳೆಯ ಕಡತಗಳು ಹೆಚ್ಚಾಗಿ ಈ ಬಗೆಯವು. ಸಾವಿರಾರು ಜನ ಗಣಕದಲ್ಲಿ ಕನ್ನಡವನ್ನು ಬರೆಯತೊಡಗಿದುದು ಇವುಗಳ ಉಪಕಾರದಿಂದಲೇ. ಆದರೆ ಅಂಥ ಕಡತದಲ್ಲಿ ನಿಜವಾಗಿ ಇರುವುದು ರೋಮನ್ ಸಂಖ್ಯೆಗಳು, ಕನ್ನಡವು ಫಾಂಟಿನಲ್ಲಿದೆ. ಲಿನಕ್ಸಿನಲ್ಲಿ ಆ ಫಾಂಟು ಇಲ್ಲದಿದ್ದರೆ ಕನ್ನಡವೂ ಇಲ್ಲ. ಫಾಂಟನ್ನು ತಂದು ಹಾಕಿದರೆ ಓದಲು ಬರುವುದು. ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬಾರದು. ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಿ ಇಡುವುದೇ ಶಾಶ್ವತ ಉಪಾಯ. ಫಾಂಟನ್ನೂ ತಂತ್ರಾಂಶವನ್ನೂ ಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು. ತಿಗಳಾರಿಯನ್ನು ಓದಬಲ್ಲವರು ವಿರಳರಾದ ಮೇಲೆ ಓಲೆಗಳ ಗತಿ ಏನಾಯಿತೆಂಬುದು ನಮ್ಮ ಕಣ್ಣಮುಂದೆಯೇ ಇದೆ.

ಮನೆಯ ಏರ್ಪಾಡು

ಇನ್ನು ಇಷ್ಟನ್ನು ಒಟ್ಟುಗೂಡಿಸಿ ನೋಡೋಣ. ಡಿಸ್ಕನ್ನು ಮೂರಾಗಿ ವಿಂಗಡಿಸಿ, ವಿಂಡೋಸಿಗೆ ಒಂದು, ಲಿನಕ್ಸಿಗೆ ಒಂದು, ಇಬ್ಬರ ಕಡತಗಳಿಗೂ ಎನ್‌ಟಿಎಫ್‌ಎಸ್ ಪದ್ಧತಿಯ ಇನ್ನೊಂದು ಎಂದು ಇಡಬೇಕು. ವಿಂಡೋಸಿನ ಸ್ವಂತ ಭಾಗಕ್ಕೆ ಲಿನಕ್ಸಿನಿಂದ ಬರೆಯದಿರುವುದು ವಿವೇಕ. ಫಾಸ್ಟ್ ಸ್ಟಾರ್ಟಪನ್ನು ನಿಲ್ಲಿಸಬೇಕು. ಗಡಿಯಾರದ ವಿಷಯದಲ್ಲಿ ಇಬ್ಬರನ್ನೂ ಒಂದುಮಾಡಬೇಕು. ಹೆಸರುಗಳು ಚಿಕ್ಕದಾಗಿರಲಿ, ಚಿಹ್ನೆಗಳಿಲ್ಲದಿರಲಿ. ಹೊಸ ಯಂತ್ರಗಳಲ್ಲಿ ವಿಂಡೋಸ್ ತನ್ನ ಭಾಗವನ್ನು ಗೂಢಲಿಪಿಯಲ್ಲಿ ಬೀಗಹಾಕಿ ಇಟ್ಟಿರುವುದುಂಟು. ಡಿಸ್ಕನ್ನು ವಿಂಗಡಿಸುವ ಮುನ್ನ ಆ ಬೀಗದ ಮರುಪಡೆಯುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಡಬೇಕು.

ಎಲ್ಲಕ್ಕಿಂತ ಮಿಗಿಲಾದುದೊಂದಿದೆ. ಸಾಮಾನ್ಯ ಭಾಗವೆಂಬುದು ಎರಡು ಬಾಗಿಲುಗಳುಳ್ಳ ಒಂದೇ ಕಣಜ. ಎರಡು ವ್ಯವಸ್ಥೆಗಳಿಂದ ಕಾಣುವುದೆಂದ ಮಾತ್ರಕ್ಕೆ ಕಡತಕ್ಕೆ ಎರಡು ಪ್ರತಿಗಳಾಗಲಿಲ್ಲ. ಡಿಸ್ಕು ಸತ್ತರೆ ಇಬ್ಬರಿಗೂ ಒಟ್ಟಿಗೇ ನಷ್ಟ. ಮಂಡಿಯ ಲೆಕ್ಕ ಹೋದರೆ ಚೀಟಿಗಳಿಂದ ಹೇಗೋ ಮತ್ತೆ ಬರೆದುಕೊಳ್ಳಬಹುದು. ಅಜ್ಜಿಯ ಧ್ವನಿಯಲ್ಲಿ ಹಿಡಿದಿಟ್ಟ ಸಂಪ್ರದಾಯದ ಹಾಡನ್ನು ಯಾವ ಚೀಟಿಯಿಂದ ಮತ್ತೆ ಬರೆಯಲಾದೀತು? ಆದುದರಿಂದ ಯಂತ್ರದಿಂದ ಬೇರೆಯಾದ ಇನ್ನೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ, ಒಂದು ಪ್ರತಿ ಇರಲೇಬೇಕು.

ಇಬ್ಬರು ಶಾನುಭೋಗರೂ ಒಳ್ಳೆಯವರೇ, ತಮ್ಮ ತಮ್ಮ ಕೆಲಸದಲ್ಲಿ ನಿಪುಣರೇ. ಅವರ ನಡುವೆ ಜಗಳ ಬರುವುದು ದ್ವೇಷದಿಂದಲ್ಲ, ಒಬ್ಬರನ್ನೊಬ್ಬರು ಎಂದೂ ಕಾಣದಿರುವುದರಿಂದ. ಮುಂದೆ ಬರುವವನು ತನ್ನನ್ನು ಏನನ್ನೂ ಕೇಳಲಾರನೆಂದು ತಿಳಿದು, ಅವನಿಗೆ ಅರ್ಥವಾಗುವ ರೀತಿಯಲ್ಲಿ ಬರೆದು, ಬರೆದುದನ್ನು ಸರಿಯಾಗಿ ಮುಚ್ಚಿ ಏಳುವುದೇ ಹಂಚಿಕೊಳ್ಳುವ ವಿದ್ಯೆಯ ತಿರುಳು. ಗಣಕಯಂತ್ರಕ್ಕೆ ಇದನ್ನು ಕಲಿಸುವವರು ನಾವೇ. ಇಂದು ಸಂಜೆ ಯಂತ್ರವನ್ನು ನಿಲ್ಲಿಸುವ ಮುನ್ನ ವಾಚಕರು ತಮ್ಮ ಮನೆಯ ಪುಸ್ತಕವು ಮುಚ್ಚಿದೆಯೆ ಎಂದು ಒಮ್ಮೆ ನೋಡಿಕೊಳ್ಳಲಿ.